ಮೊದಲು ಅಲೆಯ ಉದ್ದ ಹೇಳಿ

ಮೈಕ್ರೋವೇವ್ ಬಗ್ಗೆ ಏನಾದರೂ ಇದ್ದರೆ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಪುಟದ ಕೆಳಗೆ ಎರಡು ಸಾಲು ಹಾಕಿದ್ದೆ. ಬಂದ ಪತ್ರಗಳಲ್ಲಿ ಅರ್ಧ ಅಡುಗೆಮನೆಯವು, ಕಾಲು ಭಾಗ ತಾರಸಿಯ ಮೇಲಿನ ಡಿಶ್‌ನವು, ಉಳಿದವು ಕಾಲೇಜಿನವು. ನಾನು ಪ್ರೊಫೆಸರ್ ಅಲ್ಲ. ಮೂವತ್ತೆರಡು ವರ್ಷ ಗುಡ್ಡದ ಮೇಲಿನ ಟೆಲಿಫೋನ್ ಮೈಕ್ರೋವೇವ್ ಸ್ಟೇಷನ್ನುಗಳಲ್ಲಿ ಟೆಕ್ನಿಷಿಯನ್ ಆಗಿದ್ದವನು. ಹಾಗಾಗಿ ನನ್ನ ಉತ್ತರಗಳಲ್ಲಿ ಸ್ವಲ್ಪ ಸ್ಕ್ರೂಡ್ರೈವರ್ ವಾಸನೆ ಬಂದರೆ ಸಹಿಸಿಕೊಳ್ಳಿ.

ಮೊದಲು ಒಂದು ಲೆಕ್ಕ. ನನ್ನ ಮೊದಲ ಸ್ಟೇಷನ್ನಿನಲ್ಲಿದ್ದ ಹಿರಿಯ ಇಂಜಿನಿಯರು ಅಂಗಿಯ ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲ್ ಇಟ್ಟುಕೊಂಡೇ ಇರುತ್ತಿದ್ದರು. ಯಾವ ಫಾಲ್ಟ್ ಹೇಳಿದರೂ ಅವರದು ಒಂದೇ ಪ್ರಶ್ನೆ: "ಅಲೆ ಎಷ್ಟುದ್ದ?" ಲೆಕ್ಕ ಸುಲಭ. 30ನ್ನು ಗಿಗಾಹರ್ಟ್ಸಿನಿಂದ (ಅಲೆ ಸೆಕೆಂಡಿಗೆ ಎಷ್ಟು ನೂರು ಕೋಟಿ ಸಲ ಕಂಪಿಸುತ್ತದೆ ಎನ್ನುವ ಲೆಕ್ಕ) ಭಾಗಿಸಿದರೆ ಅಲೆಯ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ತರಂಗದೂರ ಎಂದು ಹೆಸರು. ಮನೆಯ ಕರೆಂಟು 50 ಹರ್ಟ್ಸ್, ಅದರ ಅಲೆ 6000 ಕಿ.ಮೀ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ 490 ಮೀಟರ್. ಓವನ್ನಿನ 2.45 ಗಿಗಾಹರ್ಟ್ಸ್‌ಗೆ ಹನ್ನೆರಡು ಸೆಂ.ಮೀ. ಚಿಲ್ಲರೆ. ತಾರಸಿಯ ಡಿಶ್‌ಗೆ ಎರಡೂವರೆ ಸೆಂ.ಮೀ. ಅಲೆ ಊರಿಗಿಂತ ದೊಡ್ಡದಾಗಿದ್ದಾಗ ತಂತಿ ಬರೀ ತಂತಿ, ತೂತು ಬರೀ ತೂತು. ಅಲೆ ಬೆರಳುದ್ದಕ್ಕೆ ಇಳಿಯಿತೋ, ಎಲ್ಲಕ್ಕೂ ಬೇರೆ ಬುದ್ಧಿ ಬರುತ್ತದೆ. ಈ ಸಲದ ಪ್ರಶ್ನೆಗಳೆಲ್ಲ ಅಲ್ಲಿಗೇ ಬಂದು ನಿಲ್ಲುತ್ತವೆ.

ಪ್ರಶ್ನೆ: ಓವನ್ನಿನಲ್ಲಿ ಹಪ್ಪಳ ಇಟ್ಟರೆ ಒಂದು ಕಡೆ ಕರಕಲಾಗುತ್ತದೆ, ಪಕ್ಕದಲ್ಲೇ ಹಸಿ ಉಳಿಯುತ್ತದೆ. ಬಾಗಿಲಿನ ಜಾಲರಿಯಲ್ಲಿ ಅಷ್ಟೊಂದು ತೂತುಗಳಿವೆ, ಅಲೆ ಹೊರಗೆ ಬರುವುದಿಲ್ಲವೇ? ಫೋನನ್ನು ಒಳಗಿಟ್ಟು ಬಾಗಿಲು ಹಾಕಿ ಕರೆ ಮಾಡಿದರೆ ರಿಂಗ್ ಆಗುತ್ತದೆ. ಅಂದರೆ ಲೀಕ್ ಇದೆ ಎಂದೇ? ನಮ್ಮ ಅತ್ತೆ ಓವನ್ ಹಾಕಿದ ತಕ್ಷಣ ಎದ್ದು ಹಾಲ್‌ಗೆ ಹೋಗುತ್ತಾರೆ. — ಗೃಹಿಣಿ, ದಾವಣಗೆರೆ

ಮೊದಲು ಒಳಗಿನ ಗಾಜಿನ ತಟ್ಟೆ ತಿರುಗುತ್ತಿದೆಯೇ ನೋಡಿ ಅಮ್ಮಾ. ನಿಮ್ಮ ವರ್ಣನೆ ಓದಿದರೆ ಅದರ ಕೆಳಗಿನ ಗಾಲಿ ಜಾರಿ ತಟ್ಟೆ ನಿಂತಲ್ಲೇ ನಿಂತಂತಿದೆ.

ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನು ಹದವಾಗಿ ಕುಲುಕಿದರೆ ಹಗ್ಗದ ಕೆಲವು ಜಾಗ ಜೋರಾಗಿ ಮೇಲೆ ಕೆಳಗೆ ಹಾರುತ್ತವೆ, ನಡುವೆ ಕೆಲವು ಜಾಗ ಅಲ್ಲಾಡುವುದೇ ಇಲ್ಲ. ಓವನ್ನಿನ ತಗಡಿನ ಪೆಟ್ಟಿಗೆಯೊಳಗೂ ಹೀಗೇ. ಅಲೆ ಗೋಡೆಗೆ ಬಡಿದು ವಾಪಸ್ ಬಂದು ತನ್ನ ಮೇಲೆ ತಾನೇ ಕೂರುತ್ತದೆ. ಹಾರುವ ಜಾಗದಲ್ಲಿ ಹಪ್ಪಳ ಸುಡುತ್ತದೆ, ನಿಂತ ಜಾಗದಲ್ಲಿ ಹಸಿ. ಪಕ್ಕಪಕ್ಕದ ಎರಡು ಸುಟ್ಟ ಕಲೆಗಳ ನಡುವೆ ಅರ್ಧ ಅಲೆಯುದ್ದ, ಅಂದರೆ ಸುಮಾರು ಆರು ಸೆಂ.ಮೀ.

ನಂಬಿಕೆ ಬಾರದಿದ್ದರೆ ಅಳೆಯಿರಿ. ಕೆಳಗಿನ ಗಾಲಿ ತೆಗೆದು, ತಟ್ಟೆ ತಿರುಗದ ಹಾಗೆ ಮಾಡಿ, ನಾಲ್ಕು ಉದ್ದಿನ ಹಪ್ಪಳ ಒತ್ತೊತ್ತಾಗಿ ಹರವಿ, ಅಲ್ಲಲ್ಲಿ ಉಬ್ಬಲು ಶುರುವಾದ ತಕ್ಷಣ ನಿಲ್ಲಿಸಿ. ಉಬ್ಬಿದ ಜಾಗಗಳ ನಡುವೆ ಸ್ಕೇಲ್ ಇಡಿ. ನಮ್ಮ ಮನೆಯಲ್ಲಿ 5.8, 6.1, 6.4 ಬಂತು. ಸರಾಸರಿ 6.1. ಅದನ್ನು ಎರಡರಿಂದ ಗುಣಿಸಿ, ಓವನ್ನಿನ ಹಿಂದಿನ ಚೀಟಿಯಲ್ಲಿರುವ 2450 ಮೆಗಾಹರ್ಟ್ಸ್‌ನಿಂದ ಮತ್ತೆ ಗುಣಿಸಿದರೆ ಸೆಕೆಂಡಿಗೆ 2,98,900 ಕಿ.ಮೀ. ಬೆಳಕಿನ ವೇಗ 2,99,792. ಹಪ್ಪಳದಲ್ಲಿ ಬೆಳಕಿನ ವೇಗ ಅಳೆದೆ ಎಂದು ನಾನು ಬೀಗುತ್ತಿದ್ದರೆ, ನಮ್ಮ ಮನೆಯವರು ಅರೆಬೆಂದ ನಾಲ್ಕು ಹಪ್ಪಳದ ಲೆಕ್ಕ ಕೇಳಿದರು. ಪ್ರತಿ ಸಲವೂ ಇಷ್ಟು ಚೆನ್ನಾಗಿ ಬರುವುದಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಪೆಟ್ಟಿಗೆಗೆ ಮೂರು ದಿಕ್ಕಿನ ಗೋಡೆಗಳಿವೆ, ಕಲೆಗಳು ಕಲಸಿಹೋಗುತ್ತವೆ.

ಇನ್ನು ಜಾಲರಿ. ತೂತು ಒಂದೆರಡು ಮಿ.ಮೀ., ಅಲೆ 122 ಮಿ.ಮೀ. ಆ ಅಲೆಗೆ ನಿಮ್ಮ ಜಾಲರಿ ತೂತಿಲ್ಲದ ತಗಡಿನಷ್ಟೇ ಗಟ್ಟಿ. ಬೆಳಕಿನ ಅಲೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕದು, ಅದಕ್ಕೆ ಅದೇ ತೂತು ಹೆಬ್ಬಾಗಿಲು. ಅದಕ್ಕೇ ಒಳಗಿನ ಅನ್ನ ಕಾಣುತ್ತದೆ, ಅಲೆ ಬರುವುದಿಲ್ಲ.

ನಿಜವಾದ ಜಾಣತನ ಇರುವುದು ಬಾಗಿಲಿನ ಅಂಚಿನಲ್ಲಿ. ಬಾಗಿಲು ಎಷ್ಟೇ ಬಿಗಿಯಾಗಿ ಹಾಕಿದರೂ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಅದನ್ನು ಮುಚ್ಚುವುದು ರಬ್ಬರ್ ಅಲ್ಲ. ಪ್ಲಾಸ್ಟಿಕ್ ಪಟ್ಟಿಯ ಹಿಂದೆ, ಬಾಗಿಲಿನ ಸುತ್ತ, ಕಾಲು ಅಲೆಯುದ್ದದ, ಎಂದರೆ ಸುಮಾರು ಮೂರು ಸೆಂ.ಮೀ. ಹಾದಿಯ ಒಂದು ಕಾಲುವೆ ಕೊರೆದಿರುತ್ತಾರೆ. ಸಂದಿನಲ್ಲಿ ನುಸುಳಿದ ಅಲೆ ಆ ಕಾಲುವೆಗೆ ಇಳಿದು, ತಳಕ್ಕೆ ಬಡಿದು, ವಾಪಸ್ ಬರುವಷ್ಟರಲ್ಲಿ ತಲೆಕೆಳಗಾಗಿ ಬಂದು ತನ್ನನ್ನು ತಾನೇ ಹೊಡೆದುಹಾಕುತ್ತದೆ. ಈ ಕಾಲುವೆಯ ಲೆಕ್ಕ 2450 ಮೆಗಾಹರ್ಟ್ಸ್‌ಗೆ ಮಾತ್ರ. ನಿಮ್ಮ ಫೋನ್ 900ರಲ್ಲೋ 1800ರಲ್ಲೋ ಮಾತಾಡುತ್ತದೆ, ಅದಕ್ಕೆ ಆ ಕಾಲುವೆ ಲೆಕ್ಕಕ್ಕಿಲ್ಲ. ಮೇಲಾಗಿ ಫೋನಿನ ಕಿವಿ ಬಹಳ ಚುರುಕು: ಒಂದು ವಾಟನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲೊಂದು ಪಾಲು ತಲುಪಿದರೂ ಅದು ರಿಂಗ್ ಆಗಬಲ್ಲದು. ಆದ್ದರಿಂದ ಫೋನ್ ಪರೀಕ್ಷೆಗೆ ಅರ್ಥವಿಲ್ಲ. ಫೋನ್ ಒಳಗಿರುವಾಗ ಯಾರಾದರೂ ಸ್ವಿಚ್ ಒತ್ತಿದರೆ ಫೋನೂ ಹೋಯಿತು, ಓವನ್ನೂ ಹೋಯಿತು. ಬಾಗಿಲು ಸೊಟ್ಟಗಾಗಿದ್ದರೆ, ಕೊಂಡಿ ಸಡಿಲವಾಗಿದ್ದರೆ, ಅಂಚಿನಲ್ಲಿ ಜಿಡ್ಡು ಕೂತು ಕರಕಲಾಗಿದ್ದರೆ ಮಾತ್ರ ಮೆಕ್ಯಾನಿಕ್ಕನ್ನು ಕರೆಸಿ. ಅತ್ತೆಯವರು ಹಾಲ್‌ನಲ್ಲಿ ಕೂತರೆ ನಷ್ಟವಿಲ್ಲ, ಅಡುಗೆಮನೆಯಲ್ಲಿದ್ದರೂ ಅಪಾಯವಿಲ್ಲ.

ನೀರಿನ ಅಣುವಿಗೆ ಹೊಂದುವ ಫ್ರೀಕ್ವೆನ್ಸಿಯನ್ನೇ ಹುಡುಕಿ ಓವನ್ ಮಾಡಿದ್ದಾರೆ ಎಂದೂ ಕೆಲವರು ಬರೆದಿದ್ದಾರೆ. ಹಾಗೇನಿಲ್ಲ. ನೀರು ಅತಿ ಹೆಚ್ಚು ಹೀರುವುದು ಇಪ್ಪತ್ತು ಗಿಗಾಹರ್ಟ್ಸ್‌ನ ಸುತ್ತಮುತ್ತ. ಅದನ್ನು ಬಳಸಿದ್ದರೆ ಇಡ್ಲಿಯ ಸಿಪ್ಪೆ ಮಾತ್ರ ಬಿಸಿಯಾಗಿ ಹೊಟ್ಟೆ ತಣ್ಣಗಿರುತ್ತಿತ್ತು. 2.45 ಕಡಿಮೆ ಹೀರಿಕೆಯದು, ಹಾಗಾಗಿಯೇ ಒಂದೆರಡು ಸೆಂ.ಮೀ. ಒಳಕ್ಕೆ ಇಳಿಯುತ್ತದೆ. ಹೆಪ್ಪುಗಟ್ಟಿದ ಸಾರು ಒಂದು ಮೂಲೆಯಲ್ಲಿ ಕುದ್ದು ಇನ್ನೊಂದರಲ್ಲಿ ಗಡ್ಡೆಯಾಗಿ ಉಳಿಯುವುದೇಕೆ ಎಂದರೆ, ಮಂಜುಗಡ್ಡೆಯಲ್ಲಿ ಅಣುಗಳು ಕಟ್ಟಿಹಾಕಿದ ದನದಂತೆ, ಅಲೆಯ ಜೊತೆ ಹೊರಳಲಾರವು. ಮೊದಲು ಕರಗಿದ ಜಾಗವೇ ಮತ್ತಷ್ಟು ಹೀರುತ್ತಾ ಹೋಗುತ್ತದೆ.

ಪ್ರಶ್ನೆ: ಪಕ್ಕದ ಕೋಣೆಯಲ್ಲಿ ಓವನ್ ಹಾಕಿದಾಗಲೆಲ್ಲ ನನ್ನ ವಿಡಿಯೋ ಮೀಟಿಂಗ್ ನಿಂತು ನಿಂತು ಬರುತ್ತದೆ. — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ವೈಫೈಯೂ ಓವನ್ನೂ ಒಂದೇ ಬೀದಿಯವರು, 2.4 ಗಿಗಾಹರ್ಟ್ಸ್ ಬೀದಿ. ಓವನ್ ಒಳಗೆ ಎಂಟುನೂರು ವಾಟ್ ಕುದಿಯುತ್ತಿದೆ, ನಿಮ್ಮ ರೂಟರ್ ಬಿಡುವುದು ಹೆಚ್ಚೆಂದರೆ ವಾಟಿನ ಹತ್ತನೇ ಒಂದು ಭಾಗ. ಆರೋಗ್ಯಕ್ಕೆ ಏನೂ ಅಲ್ಲದ ಸೋರಿಕೆಯೂ ರೂಟರಿನ ಕಿವಿಗೆ ಡೊಳ್ಳು. ನಿಂತು ನಿಂತು ಬರುವುದಕ್ಕೂ ಕಾರಣವಿದೆ. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಓವನ್ನಿನಲ್ಲಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ 50 ಹರ್ಟ್ಸ್ ಕರೆಂಟಿನ ಅರ್ಧ ಸುತ್ತಿನಲ್ಲಷ್ಟೇ ಉರಿಯುತ್ತದೆ, ಸುಮಾರು ಹತ್ತು ಮಿಲಿಸೆಕೆಂಡ್ ಗದ್ದಲ, ಹತ್ತು ಮಿಲಿಸೆಕೆಂಡ್ ಮೌನ. ಆ ಮೌನದಲ್ಲಿ ನಿಮ್ಮ ಮೀಟಿಂಗ್ ನುಸುಳುತ್ತಿದೆ. ರೂಟರಿನಲ್ಲಿ 5 ಗಿಗಾಹರ್ಟ್ಸ್ ಆರಿಸಿಕೊಳ್ಳಿ, ಜಗಳ ಮುಗಿಯಿತು. ಅಥವಾ ಮೀಟಿಂಗ್ ಮುಗಿಯುವವರೆಗೆ ಊಟ ತಡಮಾಡಿ.

ಪ್ರಶ್ನೆ: ಮಳೆ ಜೋರಾದರೆ ಡಿಶ್ ಟಿ.ವಿ. ಹೋಗುತ್ತದೆ. ಕೆಲವು ಸಲ ಮಳೆ ನಮ್ಮಲ್ಲಿಗೆ ಬರುವ ಮೊದಲೇ ಹೋಗುತ್ತದೆ! ಪೇಟೆಯ ಕೇಬಲ್‌ನವರ ದೊಡ್ಡ ಡಿಶ್‌ಗೆ ಮಾತ್ರ ಏನೂ ಆಗುವುದಿಲ್ಲ. ಈ ವರ್ಷ ಮಳೆ ಇಲ್ಲದಾಗಲೂ ತೊಂದರೆ ಶುರುವಾಗಿದೆ. — ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಕೇಬಲ್‌ನವರ ದೊಡ್ಡ ಡಿಶ್ ಸಾಮಾನ್ಯವಾಗಿ 4 ಗಿಗಾಹರ್ಟ್ಸ್ ಸುತ್ತಿನದು, ಅಲೆ ಏಳೂವರೆ ಸೆಂ.ಮೀ. ನಿಮ್ಮದು 11–12 ಗಿಗಾಹರ್ಟ್ಸ್, ಅಲೆ ಎರಡೂವರೆ. ಜಡಿಮಳೆಯ ಹನಿ ಎರಡು ಮೂರು ಮಿ.ಮೀ. ದಪ್ಪ. ಏಳೂವರೆ ಸೆಂಟಿಮೀಟರಿನ ಅಲೆ ಹನಿಯನ್ನು ಗಮನಿಸದೆ ದಾಟಿಹೋಗುತ್ತದೆ. ಎರಡೂವರೆಯದಕ್ಕೆ ಪ್ರತಿ ಹನಿಯೂ ಸ್ವಲ್ಪ ಕಚ್ಚುತ್ತದೆ, ಸ್ವಲ್ಪ ಅತ್ತಿತ್ತ ಎರಚುತ್ತದೆ. ಕಿಲೋಮೀಟರುಗಟ್ಟಲೆ ಹನಿಗಳು ಒಟ್ಟಾಗಿ ಕಚ್ಚಿದರೆ ಬಾಕ್ಸ್‌ಗೆ ಏನೂ ಉಳಿಯುವುದಿಲ್ಲ. ಹಾಗಿದ್ದರೆ ಮನೆಗೂ 4 ಗಿಗಾಹರ್ಟ್ಸ್ ಕೊಡಬಹುದಿತ್ತಲ್ಲ ಎನ್ನಬೇಡಿ. ಆ ಅಲೆಯನ್ನು ಹಿಡಿಯಲು ಎಂಟು ಹತ್ತು ಅಡಿಯ ಡಿಶ್ ಬೇಕು, ಅದನ್ನು ನಿಮ್ಮ ಹೆಂಚಿನ ಮಾಡಿನ ಮೇಲೆ ಎಲ್ಲಿ ಕೂರಿಸುತ್ತೀರಿ?

ಮಳೆಗೆ ಮೊದಲೇ ಚಿತ್ರ ಹೋಗುವುದು ನಿಮ್ಮ ಭ್ರಮೆಯಲ್ಲ. ನಮ್ಮ ಕಡೆಯಿಂದ ಈ ಉಪಗ್ರಹಗಳು ಆಗ್ನೇಯಕ್ಕೆ, ಆಕಾಶದಲ್ಲಿ ಅರವತ್ತು ಎಪ್ಪತ್ತು ಡಿಗ್ರಿ ಎತ್ತರದಲ್ಲಿವೆ. ಅಲೆ ಓರೆಯಾಗಿ ಇಳಿದು ಬರುತ್ತದೆ. ಮಳೆ ಆ ದಿಕ್ಕಿನಲ್ಲಿ ಎರಡು ಕಿ.ಮೀ. ಆಚೆ ಸುರಿಯುತ್ತಿದ್ದರೂ ದಾರಿಯಲ್ಲೇ ತಗಲುತ್ತದೆ, ನಿಮ್ಮ ಅಂಗಳದಲ್ಲಿ ಅಡಿಕೆ ಒಣಗುತ್ತಲೇ ಇರುತ್ತದೆ.

ಮಳೆ ಇಲ್ಲದಾಗಿನ ತೊಂದರೆಗೆ ನನ್ನ ಮೊದಲ ಅನುಮಾನ ನಿಮ್ಮ ತೋಟದ ಮೇಲೆಯೇ. ಡಿಶ್ ಕೂರಿಸಿ ಎಷ್ಟು ವರ್ಷವಾಯಿತು? ಆಗ ಮೊಣಕಾಲೆತ್ತರ ಇದ್ದ ಸಸಿಯ ಸೋಗೆ ಈಗ ದಾರಿಗೆ ಬಂದಿರಬಹುದು. ಒಂದು ಎಚ್ಚರ: ಈ ಚಿಕ್ಕ ಡಿಶ್‌ಗಳು ಕಾಣುವಷ್ಟು ಕೆಳಗೆ ನೋಡುತ್ತಿರುವುದಿಲ್ಲ. ತಟ್ಟೆ ನೆಟ್ಟಗೆ ನಿಂತಂತೆ ಕಂಡರೂ ಅದರ ದೃಷ್ಟಿ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೇ ಇರುತ್ತದೆ. ಎದುರಿನ ಗಿಡ ಕಡಿಯುವ ಮೊದಲು ತಲೆಯೆತ್ತಿ ಮೇಲೆ ನೋಡಿ.

ಎರಡನೆಯ ಅನುಮಾನ ಕೇಬಲ್ಲಿನ ತುದಿ. ಡಿಶ್ ಮುಂದೆ ಚಾಚಿಕೊಂಡಿರುವ ಎಲ್‌ಎನ್‌ಬಿ ಎಂಬ ಡಬ್ಬಿ ಏಕಿದೆ ಗೊತ್ತೇ? 12 ಗಿಗಾಹರ್ಟ್ಸನ್ನು ಕೇಬಲ್ಲಿಗೆ ಹಾಗೇ ತುಂಬಿದರೆ ಮನೆಯೊಳಗೆ ಬರುವಷ್ಟರಲ್ಲಿ ಹೆಚ್ಚಿನದು ಸೋರಿಹೋಗಿರುತ್ತದೆ. ಅದಕ್ಕೆ ಅಲ್ಲೇ, ಬಾಯಲ್ಲೇ, ಅದನ್ನು ಒಂದೆರಡು ಗಿಗಾಹರ್ಟ್ಸ್‌ಗೆ ಇಳಿಸಿ ಕಳಿಸುತ್ತಾರೆ. ಆ ಡಬ್ಬಿಗೆ ತಿರುಗಿಸಿ ಹಾಕಿದ ಕನೆಕ್ಟರ್ ಬಿಚ್ಚಿ ನೋಡಿ. ಹಸಿರು ಕಿಲುಬು ಕಂಡರೆ, ಬಿಳಿ ನೊರೆ ಒದ್ದೆಯಾಗಿದ್ದರೆ, ಒಂದು ಅಡಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ, ರಬ್ಬರ್ ಟೇಪ್ ಸುತ್ತಿಸಿ. ಕೇಬಲ್ಲನ್ನು ಗೋಡೆಯ ತೂತಿಗೆ ನೇರ ಇಳಿಸದೆ ಒಂದು ಕುಣಿಕೆ ಕೆಳಕ್ಕೆ ಜೋಲುಬಿಡಿ, ನೀರು ಅಲ್ಲಿಂದಲೇ ತೊಟ್ಟಿಕ್ಕಲಿ. ಮಳೆಗಾಲಕ್ಕೆ ಇನ್ನೂ ಗಟ್ಟಿ ಮದ್ದು ಬೇಕಾದರೆ 60 ಸೆಂಟಿಮೀಟರಿನ ಬದಲು 90ರ ತಟ್ಟೆ. ಹಿಡಿಯುವ ಮೈ ಎರಡೂಕಾಲು ಪಟ್ಟಾಗುತ್ತದೆ. ಆಗುಂಬೆಯ ಕಡೆಯ ಮಳೆಗೆ ಅದೂ ಸೋಲಬಹುದು, ಬೇಗ ಸೋಲುವುದಿಲ್ಲ ಅಷ್ಟೆ.

ಮಾರ್ಚ್ ನಡುವಿನಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ ಕೆಲವು ದಿನ ಬೆಳಗ್ಗೆ ಹನ್ನೊಂದು ಹನ್ನೆರಡರ ನಡುವೆ ಐದಾರು ನಿಮಿಷ ಚಿತ್ರ ಒಡೆದರೆ ಯಾರನ್ನೂ ಕರೆಸಬೇಡಿ. ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಂತಿರುತ್ತಾನೆ. ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಕೇಳುವುದಿಲ್ಲ.

ಪ್ರಶ್ನೆ: ನಮ್ಮೂರ ಗುಡ್ಡದ ಮೇಲೆ ಹಳೆಯ ಕಬ್ಬಿಣದ ಟವರ್ ಇದೆ. ಡೋಲಿನಂಥ ದೊಡ್ಡ ಡಿಶ್‌ಗಳು ಆಕಾಶ ನೋಡದೆ ಅಡ್ಡಡ್ಡಕ್ಕೆ ನೋಡುತ್ತಿವೆ. ಅವು ಏನು ಮಾಡುತ್ತಿದ್ದವು? — ಅಂಗಡಿ ಮಾಲೀಕರು, ಸಕಲೇಶಪುರ

ಈ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ ಎಂದರೆ ನಗಬೇಡಿ. ಅಂಥ ಟವರ್‌ಗಳ ಬುಡದಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ.

ಆಪ್ಟಿಕಲ್ ಫೈಬರ್ ಬರುವ ಮೊದಲು ನಿಮ್ಮ ಟ್ರಂಕ್ ಕಾಲ್, ಎಸ್‌ಟಿಡಿ ಎಲ್ಲ ಈ ಡೋಲಿನಿಂದ ಆ ಡೋಲಿಗೆ, ಗುಡ್ಡದಿಂದ ಗುಡ್ಡಕ್ಕೆ ಹಾರುತ್ತಿದ್ದವು. ಇಷ್ಟು ಚಿಕ್ಕ ಅಲೆ ಬೆಳಕಿನ ಹಾಗೆ ನೇರ ಹೋಗುತ್ತದೆ, ಭೂಮಿಯ ಉಬ್ಬನ್ನು ಬಳಸಿ ಬಗ್ಗುವುದಿಲ್ಲ. ಗಾಳಿ ಅದನ್ನು ಕೊಂಚ ಬಾಗಿಸುವುದರಿಂದ, ಬಯಲಿನಲ್ಲಿ 50 ಮೀಟರ್ ಟವರಿಗೆ ಸುಮಾರು 29 ಕಿ.ಮೀ. ದೂರದವರೆಗೆ ಕಣ್ಣು ಹಾಯುತ್ತದೆ. ಅಂಥವು ಎರಡಿದ್ದರೆ 58. ಅದಕ್ಕೇ ನಲವತ್ತು ಐವತ್ತು ಕಿಲೋಮೀಟರಿಗೊಂದು ಸ್ಟೇಷನ್, ಅದೂ ಗುಡ್ಡದ ನೆತ್ತಿಯಲ್ಲಿ, ನೀರು ಹೊತ್ತು ತರಬೇಕಾದ ಕಡೆಯಲ್ಲೇ.

ಟವರಿನ ತುದಿಯಿಂದ ಕೋಣೆಯವರೆಗೆ ಅಲೆ ಬರುತ್ತಿದ್ದುದು ವೇವ್‌ಗೈಡ್ ಎಂಬ ಟೊಳ್ಳು ಕೊಳವೆಯಲ್ಲಿ. ಅದರೊಳಗೆ ತೇವ ಸೇರಿದರೆ ಕತೆ ಮುಗಿಯಿತು. ಹಾಗಾಗಿ ಸಣ್ಣ ಪಂಪೊಂದು ಒಣಗಾಳಿಯನ್ನು ಸದಾ ಒಳಗೆ ಒತ್ತುತ್ತಿತ್ತು. ಗಾಳಿ ಒಣಗಿಸಲು ಗಾಜಿನ ಕೊಳವೆ ತುಂಬ ಸಿಲಿಕಾ ಜೆಲ್ ಹರಳು, ಒಣಗಿದ್ದಾಗ ನೀಲಿ, ತೇವ ಕುಡಿದಾಗ ಗುಲಾಬಿ. ಮಲೆನಾಡಿನ ಆಷಾಢದಲ್ಲಿ ಅದು ದಿನಬೆಳಗಾದರೆ ಗುಲಾಬಿ. ಹರಳನ್ನು ಬಾಣಲೆಗೆ ಸುರಿದು ಸೀಮೆಎಣ್ಣೆ ಸ್ಟೌ ಮೇಲೆ ಮತ್ತೆ ನೀಲಿ ಆಗುವವರೆಗೆ ಹುರಿಯುವುದು ನನ್ನ ಬೆಳಗಿನ ಡ್ಯೂಟಿ. ಕಡಲೆಕಾಯಿ ಹುರಿಯುವ ಕೈಹದವೇ ಬೇಕು, ಉರಿ ಹೆಚ್ಚಾದರೆ ಹರಳು ಸಿಡಿಯುತ್ತದೆ.

ಈಗ ನಡೆದದ್ದೊಂದು ಹೇಳುತ್ತೇನೆ. 50 ಕಿ.ಮೀ. ಉದ್ದದ ಒಂದು ಹಾದಿ, 6 ಗಿಗಾಹರ್ಟ್ಸ್. ಪ್ರತಿ ವರ್ಷ ಮೀಟರಿನ ಮುಳ್ಳು ಹಿಂದಿನ ವರ್ಷಕ್ಕಿಂತ ಒಂದು ಕೂದಲು ಕೆಳಗೆ. ಮೊದಲು ಟ್ರಾನ್ಸ್‌ಮಿಟರ್ ಬದಲಾಯಿಸಿದೆವು. ಆಮೇಲೆ ರಿಸೀವರ್. ವೇವ್‌ಗೈಡಿನ ಜೋಡಣೆಗಳನ್ನು ಬಿಚ್ಚಿ ಒರೆಸಿದೆವು. ಡಿಶ್ ಗಾಳಿಗೆ ತಿರುಗಿರಬಹುದೆಂದು ನಾನೇ ಟವರ್ ಹತ್ತಿ ಎರಡು ದಿನ ನಟ್ಟು ಸಡಿಲಿಸಿ ಬಿಗಿ ಮಾಡಿದೆ. ಮೇಲಿನ ಕಚೇರಿಯಿಂದ ಬಂದವರೊಬ್ಬರು ನನ್ನ ಬೇಜವಾಬ್ದಾರಿಯೇ ಕಾರಣವೆಂದು ಬರೆದೂ ಹೋದರು. ಕೊನೆಗೆ ಸ್ಟೀಲ್ ಸ್ಕೇಲಿನ ನಮ್ಮ ಹಿರಿಯರು ಬಂದರು. "ಅಲೆ ಎಷ್ಟುದ್ದ?" ಐದು ಸೆಂ.ಮೀ. ಸರ್. "ನಡುದಾರಿಯಲ್ಲಿ ಅದಕ್ಕೆ ಎಷ್ಟು ಜಾಗ ಬೇಕು?" ನಾನು ಸುಮ್ಮನಾದೆ.

ಎರಡು ಟವರ್‌ಗಳ ನಡುವೆ ಅಲೆ ದಾರದಂತೆ ಹೋಗುವುದಿಲ್ಲ. ನಡುವೆ ಉಬ್ಬಿದ ಸೌತೆಕಾಯಿಯಂಥ ಆಕಾರ ಅದಕ್ಕೆ ಬೇಕು. ಇದಕ್ಕೆ ಫ್ರೆನೆಲ್ ವಲಯ ಎಂದು ಹೆಸರು. ಅಲೆಯುದ್ದವನ್ನು ದೂರದಿಂದ ಗುಣಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿ: 0.05 ಮೀಟರ್ ಗುಣಿಸು 50,000 ಮೀಟರ್, ವರ್ಗಮೂಲ 50, ಅರ್ಧ 25. ನಟ್ಟನಡುವೆ ನೇರಗೆರೆಯಿಂದ ಸುತ್ತಲೂ 25 ಮೀಟರ್. ಅದರಲ್ಲಿ ಹತ್ತರಲ್ಲಿ ಆರು ಪಾಲಾದರೂ ಖಾಲಿ ಇರಬೇಕು.

ಮರುದಿನ ಜೀಪಿನಲ್ಲಿ ನಡುದಾರಿಯ ದಿಣ್ಣೆಗೆ ಹೋದೆವು. ಲಿಂಕ್ ಹಾಕಿದಾಗ ನಕ್ಷೆಯಲ್ಲಿ ಬೋಳು ಎಂದು ಬರೆದಿದ್ದ ದಿಣ್ಣೆ. ಈಗ ಅದರ ತುಂಬ ನೀಲಗಿರಿ ನೆಡುತೋಪು, ಮರಗಳೆಲ್ಲ ಐದಾರು ವರ್ಷದವು. ಮರದ ತುದಿ ನೇರಗೆರೆಯನ್ನು ಮುಟ್ಟಿರಲಿಲ್ಲ. ನಮ್ಮ ಸ್ಟೇಷನ್ನಿನಿಂದ ದುರ್ಬೀನಿನಲ್ಲಿ ನೋಡಿದರೆ ರಾತ್ರಿ ಎದುರಿನ ಟವರಿನ ಕೆಂಪು ದೀಪ ಸ್ಪಷ್ಟವಾಗಿ ಕಾಣುತ್ತಿತ್ತು. ಅದೇ ನಮ್ಮನ್ನು ದಾರಿ ತಪ್ಪಿಸಿದ್ದು. ದೀಪದ ಬೆಳಕಿನ ಅಲೆ ಅಷ್ಟು ಚಿಕ್ಕದಲ್ಲವೇ, ಅದರ ಸೌತೆಕಾಯಿ ಒಂದು ಅಡಿ ದಪ್ಪವೂ ಇಲ್ಲ. ನಮ್ಮದು ಮರಗಳ ನೆತ್ತಿಗೆ ಹೊಟ್ಟೆ ಉಜ್ಜಿಕೊಂಡು ಹೋಗುತ್ತಿತ್ತು. ಅಡ್ಡಿಯ ತುದಿ ನೇರಗೆರೆಗೇ ತಾಗಿಬಿಟ್ಟರೆ ಕಾಲು ಭಾಗ ಶಕ್ತಿಯಷ್ಟೇ ಉಳಿಯುತ್ತದೆ, ನಾವು ಆ ಕಡೆಗೇ ಹೊರಟಿದ್ದೆವು. ಮರ ಕಡಿಸಲು ಪತ್ರ ಬರೆದು ವರ್ಷಗಟ್ಟಲೆ ಕಾಯುವ ಬದಲು ಡಿಶ್‌ಗಳನ್ನು ಟವರಿನಲ್ಲೇ ಮೇಲಕ್ಕೆ ಏರಿಸಿದೆವು. ನನ್ನ ಮೇಲೆ ಬರೆದ ಟಿಪ್ಪಣಿಯನ್ನು ಮಾತ್ರ ಯಾರೂ ಹಿಂತೆಗೆದುಕೊಳ್ಳಲಿಲ್ಲ.

ಪ್ರಶ್ನೆ: ನಮ್ಮ ಲ್ಯಾಬಿನ ಎಕ್ಸ್ ಬ್ಯಾಂಡ್ (8ರಿಂದ 12 ಗಿಗಾಹರ್ಟ್ಸ್) ಬೆಂಚಿನಲ್ಲಿ ವೇವ್‌ಗೈಡ್ ಬರೀ ಟೊಳ್ಳು ಹಿತ್ತಾಳೆ ಕೊಳವೆ. ಒಂದೇ ಲೋಹ, ಹೋಗುವ ತಂತಿಯೂ ಅದೇ, ಬರುವ ತಂತಿಯೂ ಅದೇ. ಶಾರ್ಟ್ ಆಗಬೇಕಿತ್ತಲ್ಲ? ಸಮೀಕರಣ ಬಿಡಿಸಬಲ್ಲೆ, ಮನಸ್ಸಿಗೆ ಹಿಡಿಸಿಲ್ಲ. — ಬಿ.ಇ. ವಿದ್ಯಾರ್ಥಿನಿ, ತುಮಕೂರು

ಮನಸ್ಸಿಗೆ ಹಿಡಿಸಿಲ್ಲ ಎಂದು ಒಪ್ಪಿಕೊಂಡೆಯಲ್ಲ, ಭೇಷ್. ಮೇಲೆ ಓವನ್ನಿನ ಬಾಗಿಲ ಕಾಲುವೆ ಓದಿದೆಯಾ? ಅದೇ ಇಲ್ಲೂ.

ಎರಡು ಸಮಾನಾಂತರ ತಂತಿ ಎಳೆದಿದ್ದೀಯೆ ಎಂದುಕೋ. ಅವುಗಳ ನಡುವೆ ಮೋಟು ತಂತಿ ಸೇರಿಸಿದರೆ ಶಾರ್ಟ್. ಆದರೆ ಕಾಲು ಅಲೆಯುದ್ದದ ಯು ಆಕಾರದ ಕವಲನ್ನು ಪಕ್ಕಕ್ಕೆ ಚಾಚಿ ಅದರ ತುದಿಯಲ್ಲಿ ಶಾರ್ಟ್ ಮಾಡು. ಈಗ ಅಲೆ ಕವಲಿನ ತುದಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಅರ್ಧ ಅಲೆ ನಡೆದಿರುತ್ತದೆ. ತಂತಿಗಳ ಕಡೆಯಿಂದ ನೋಡಿದರೆ ಅಲ್ಲಿ ಶಾರ್ಟ್ ಇಲ್ಲ, ಏನೂ ಜೋಡಿಸಿಯೇ ಇಲ್ಲವೆಂಬಂತೆ ಕಾಣುತ್ತದೆ. ಹಾಗಿದ್ದರೆ ಇನ್ನೊಂದು ಕವಲು ಸೇರಿಸು, ಮತ್ತೊಂದು, ಎರಡೂ ಪಕ್ಕಕ್ಕೆ, ಒತ್ತೊತ್ತಾಗಿ. ಸಾಲು ತುಂಬಿದಾಗ ಏನಾಯಿತು? ಆಯತಾಕಾರದ ಕೊಳವೆ. ಎಡಕ್ಕೆ ಕಾಲು, ಬಲಕ್ಕೆ ಕಾಲು, ಒಟ್ಟು ಅಗಲ ಅರ್ಧ ಅಲೆಯಾದರೂ ಇರಬೇಕು. ನಿಮ್ಮ ಬೆಂಚಿನ ಕೊಳವೆಯ ಒಳಗಲ 22.86 ಮಿ.ಮೀ. ಅದರ ಎರಡರಷ್ಟು 45.7. ಆ ಅಲೆಯ ಫ್ರೀಕ್ವೆನ್ಸಿ 6.56 ಗಿಗಾಹರ್ಟ್ಸ್. ಅದಕ್ಕಿಂತ ಕೆಳಗಿನದು ಒಳಗೆ ಹೋಗುವುದಿಲ್ಲ, ಹೊಸ್ತಿಲಲ್ಲೇ ಸಾಯುತ್ತದೆ. ಕಟ್ ಆಫ್ ಎಂದು ನೀನು ಉರು ಹೊಡೆದದ್ದು ಇದೇ.

ಕೊಳವೆಯ ಹೊರಮೈಯನ್ನು ಧೈರ್ಯವಾಗಿ ಮುಟ್ಟು. 10 ಗಿಗಾಹರ್ಟ್ಸ್‌ನಲ್ಲಿ ಕರೆಂಟು ತಾಮ್ರದೊಳಕ್ಕೆ ಮಿಲಿಮೀಟರಿನ ಸಾವಿರದ ಒಂದು ಪಾಲೂ ಇಳಿಯುವುದಿಲ್ಲ. ತಲೆಗೂದಲಿನ ದಪ್ಪದ ನೂರನೇ ಒಂದಕ್ಕೆ ಅದರ ಆಟ ಮುಗಿಯುತ್ತದೆ. ಅದೇ 50 ಹರ್ಟ್ಸ್ ಆದರೆ ಒಂಬತ್ತು ಮಿ.ಮೀ. ಇಳಿಯುತ್ತದೆ. ಆದ್ದರಿಂದ ಕೊಳವೆ ಎಷ್ಟು ದಪ್ಪ ಎನ್ನುವುದು ಗಟ್ಟಿತನಕ್ಕೆ ಮಾತ್ರ. ಒಳಮೈ ನುಣುಪು ಮುಖ್ಯ, ಒಳ್ಳೆಯವಕ್ಕೆ ಒಳಗೆ ಬೆಳ್ಳಿ ಲೇಪ ಇರುತ್ತದೆ. ಪೆನ್ಸಿಲ್ ತೂರಿಸಿ ಗೀರಬೇಡಿ!

ಪತ್ರದ ಕೊನೆಯಲ್ಲಿ, ಹುಡುಗಿಯರಿಗೆ ಈ ವಿಷಯ ಏಕೆ ಎನ್ನುತ್ತಾರೆ ಎಂದು ಬರೆದಿದ್ದೀಯೆ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ನಮ್ಮ ಕರ್ನಾಟಕದವರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅಲ್ಲಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ಏಕೆ ಎಂದವರಿಗೆ ಆ ಹೆಸರು ಹೇಳಿಬಿಡು.

ಪ್ರಶ್ನೆ: ಜಗದೀಶಚಂದ್ರ ಬೋಸರು ಮಾರ್ಕೋನಿಗಿಂತ ಮೊದಲೇ ರೇಡಿಯೋ ಕಂಡುಹಿಡಿದರು ಎನ್ನುತ್ತಾರಲ್ಲ? — ನಿವೃತ್ತ ಶಿಕ್ಷಕರು, ಕೋಲಾರ

ಮೇಷ್ಟ್ರೇ, ಯಾರು ಮೊದಲು ಎನ್ನುವ ಪಂದ್ಯದಲ್ಲಿ ಬೋಸರ ನಿಜವಾದ ದೊಡ್ಡತನ ಮರೆಯಾಗುತ್ತದೆ. 1895ರಲ್ಲಿ ಕಲ್ಕತ್ತದ ಟೌನ್ ಹಾಲ್‌ನಲ್ಲಿ ಅವರು ಗೋಡೆಗಳಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ಮಾರ್ಕೋನಿ ದೂರ ಹೋಗಬೇಕೆಂದು ಉದ್ದನೆಯ ಅಲೆಗಳ ಬೆನ್ನು ಹತ್ತಿದರೆ, ಬೋಸರು ಅಲೆಯ ಗುಣ ತಿಳಿಯಬೇಕೆಂದು ಚಿಕ್ಕದಕ್ಕೆ, ಇನ್ನೂ ಚಿಕ್ಕದಕ್ಕೆ ಇಳಿದು ಐದು ಮಿಲಿಮೀಟರಿನವರೆಗೆ ಬಂದರು. ಲೆಕ್ಕ ಹಾಕಿ: 60 ಗಿಗಾಹರ್ಟ್ಸ್! ಕೊಳವೆ, ಕೊಂಬಿನಾಕಾರದ ಆಂಟೆನಾ ಎಲ್ಲ ಅವರ ಮೇಜಿನ ಮೇಲಿದ್ದವು. ಅಲೆ ಕಂಪಿಸುವ ದಿಕ್ಕನ್ನೇ ಹೇಗೆ ತಿರುಗಿಸಿ ನೋಡಿದರು ಗೊತ್ತೇ? ಹೊಸೆದ ಸೆಣಬಿನ ನಾರಿನ ಕಟ್ಟಿನಿಂದ. ಬಂಗಾಳದಲ್ಲಿ ಸೆಣಬಿಗೆ ಬರವೇ! ಅಲೆಯನ್ನು ಪತ್ತೆ ಹಚ್ಚುವ ಗೆಲಿನಾ (ಸೀಸದ ಅದಿರು) ಹರಳಿನ ಡಿಟೆಕ್ಟರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಅವರ ಹೆಸರಿಗೆ ಬಂತು. ಸ್ನೇಹಿತರು ಒತ್ತಾಯಿಸದಿದ್ದರೆ ಅದನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಪ್ರಶ್ನೆ: ಎದುರು ಮನೆಯ ಮೇಲೆ 5ಜಿ ಟವರ್ ಬಂದಿದೆ. ಮಲಗುವ ಕೋಣೆ ಬದಲಾಯಿಸಬೇಕೆ? — ಓದುಗರು, ಮೈಸೂರು

ಬೇಡ. 3.5 ಗಿಗಾಹರ್ಟ್ಸ್‌ನ ಅಲೆಗೆ ಅಣುವಿನ ಕೊಂಡಿ ಕಳಚುವ ತಾಕತ್ತಿಲ್ಲ, ಜೋರಾಗಿದ್ದರೆ ಬಿಸಿ ಮಾಡಬಲ್ಲದು ಅಷ್ಟೆ. ನಮ್ಮ ದೇಶದಲ್ಲಿ ಟವರಿನ ಮಿತಿಯನ್ನು 2012ರ ಸೆಪ್ಟೆಂಬರ್ 1ರಿಂದ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿದ್ದಾರೆ. ಅನುಮಾನವಿದ್ದರೆ ಸರ್ಕಾರದ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಬೀದಿಯ ಟವರ್ ಹುಡುಕಿ, ಅಳತೆಗೆ ಅರ್ಜಿ ಹಾಕಬಹುದು. ಜನರೇಟರ್ ಸದ್ದಿಗೆ ನಿದ್ದೆ ಬಾರದಿದ್ದರೆ ಕೋಣೆ ಬದಲಾಯಿಸಿ.

ಪ್ರಶ್ನೆ: ಸರ್, ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು, ಬೆಸುಗೆಯಿಲ್ಲದೆ ಭಾಗ ಸಿಕ್ಕಿಸುವ ಬ್ರೆಡ್‌ಬೋರ್ಡ್ ಮೇಲೆ 1 ಮೆಗಾಹರ್ಟ್ಸ್ ಆಸಿಲೇಟರ್ (ಅಲೆ ಹುಟ್ಟಿಸುವ ಸರ್ಕಿಟ್) ಮಾಡಿದೆ, ಚೆನ್ನಾಗಿ ಓಡಿತು. ಅದೇ ಬಿಸಿ547 ಟ್ರಾನ್ಸಿಸ್ಟರ್, ಅದೇ 104 (0.1 ಮೈಕ್ರೋಫ್ಯಾರಡ್) ಕೆಪಾಸಿಟರ್. ಕಾಯಿಲ್ ಮಾತ್ರ ಚಿಕ್ಕದು ಮಾಡಿ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಸತ್ತಂತೆ ಕೂತಿದೆ. ಭಾಗಗಳು ನಕಲಿಯೇ? — ಪಿಯುಸಿ ವಿದ್ಯಾರ್ಥಿ, ಚನ್ನಪಟ್ಟಣ

ಅಂಗಡಿಯವರನ್ನು ಬಯ್ಯಬೇಡ ಮರಿ, ಭಾಗಗಳು ಸರಿಯಾಗೇ ಇವೆ. ತಪ್ಪು ಅವುಗಳ ಉದ್ದನೆಯ ಕಾಲುಗಳದ್ದು.

ನೀನು ಕಳಿಸಿದ ಫೋಟೋದಲ್ಲಿ ಆ 104 ಕೆಪಾಸಿಟರ್ ಕೊಕ್ಕರೆಯ ಹಾಗೆ ನಿಂತಿದೆ, ಎರಡೂ ಕಾಲು ಸೇರಿ ಒಂದು ಸೆಂ.ಮೀ. ಮೀರಿದೆ. ಒಂದು ಮಿ.ಮೀ. ತಂತಿ ಎಂದರೆ ಸುಮಾರು ಒಂದು ನ್ಯಾನೋಹೆನ್ರಿಯ ಕಾಯಿಲ್. ಹತ್ತು ಮಿ.ಮೀ.ಗೆ ಹತ್ತು. 0.1 ಮೈಕ್ರೋಫ್ಯಾರಡ್ ಜೊತೆ ಆ ಹತ್ತು ನ್ಯಾನೋಹೆನ್ರಿ ಸೇರಿದರೆ 5 ಮೆಗಾಹರ್ಟ್ಸ್‌ಗೇ ರೆಸೊನೆನ್ಸ್, ಅಂದರೆ ಎರಡರ ತಡೆಯೂ ಒಂದನ್ನೊಂದು ಹೊಡೆದುಹಾಕುವ ಜಾಗ. ಅಲ್ಲಿಂದ ಮೇಲೆ ನಿನ್ನ ಕೆಪಾಸಿಟರ್ ಕೆಪಾಸಿಟರೇ ಅಲ್ಲ, ಕಾಯಿಲ್. 100 ಮೆಗಾಹರ್ಟ್ಸ್‌ನಲ್ಲಿ ಅದು ಆರು ಓಮಿನ ತಡೆ, 2.4 ಗಿಗಾಹರ್ಟ್ಸ್‌ನಲ್ಲಾದರೆ ನೂರೈವತ್ತು. ಬ್ರೆಡ್‌ಬೋರ್ಡಿನಲ್ಲಿ ಇದರ ಉಲ್ಟಾ ಕಾಟ. ಪಕ್ಕಪಕ್ಕದ ಎರಡು ಸಾಲುಗಳ ನಡುವೆ ಎರಡು ಮೂರು ಪಿಕೋಫ್ಯಾರಡ್ ತಾನೇ ತಾನಾಗಿ ಇರುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ಮೂರು ಪಿಕೋಫ್ಯಾರಡ್ ಎಂದರೆ ಐದು ಕೋಟಿ ಓಮು, ಇಲ್ಲವೆಂದೇ ಲೆಕ್ಕ. 100 ಮೆಗಾಹರ್ಟ್ಸ್‌ನಲ್ಲಿ ಐನೂರು ಚಿಲ್ಲರೆ ಓಮು. ನೀನು ಬಿಡಿಸದ ಸರ್ಕಿಟ್ಟೊಂದು ನಿನ್ನ ಸರ್ಕಿಟ್ಟಿನ ಮೇಲೆ ಕೂತಿದೆ. ಇನ್ನು ಬಿಸಿ547. ಅದರ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಎನ್ನುವುದು) 300 ಮೆಗಾಹರ್ಟ್ಸ್ ಸುಮಾರಿಗೆ ಒಂದಕ್ಕೆ ಇಳಿಯುತ್ತದೆ. ಅಂದರೆ 100ರಲ್ಲಿ ಕೈಲಿರುವುದು ಬರೀ ಮೂರು. ಆ ಮೂರನ್ನೂ ಬ್ರೆಡ್‌ಬೋರ್ಡ್ ತಿಂದುಹಾಕುತ್ತಿದೆ.

ಹೀಗೆ ಮಾಡು. ತಾಮ್ರದ ಹೊದಿಕೆಯ ಬೋರ್ಡಿನ ತುಂಡು ತಗೋ, ಎಚಿಂಗ್ ಗಿಚಿಂಗ್ ಬೇಡ. ತಾಮ್ರದ ಮೈಯೇ ಗ್ರೌಂಡ್. ಗ್ರೌಂಡಿಗೆ ಹೋಗುವ ಕಾಲುಗಳನ್ನು ಅದಕ್ಕೇ ನೇರ ಬೆಸುಗೆ ಹಾಕು, ಉಳಿದವು ಗಾಳಿಯಲ್ಲೇ ಒಂದಕ್ಕೊಂದು ತಾಗಲಿ. ನೋಡಲು ಕಸದ ರಾಶಿಯಂತಿರುತ್ತದೆ, ಇರಲಿ. 104ರ ಬದಲು 471 ಎಂದು ಬರೆದ 470 ಪಿಕೋಫ್ಯಾರಡ್ ಸೆರಾಮಿಕ್ ಹಾಕಿ, ಎರಡೂ ಕಾಲು ಸೇರಿ ಐದು ಮಿ.ಮೀ. ಉಳಿಯುವಂತೆ ಕತ್ತರಿಸು. ಅದರ ರೆಸೊನೆನ್ಸ್ 104 ಮೆಗಾಹರ್ಟ್ಸ್ ಹತ್ತಿರ ಬೀಳುತ್ತದೆ, ನಿನಗೆ ಬೇಕಾದ ಜಾಗದಲ್ಲೇ ಅದು ಅತ್ಯಂತ ಸಲೀಸಾದ ದಾರಿ. ದೊಡ್ಡ ಕೆಪಾಸಿಟರ್ ಕೈಕೊಟ್ಟ ಕಡೆ ಇನ್ನೂರು ಪಟ್ಟು ಚಿಕ್ಕದು ಕೆಲಸ ಮಾಡುವುದನ್ನು ನೋಡು. ಆಂಟೆನಾ ಮಾತ್ರ ಸಿಕ್ಕಿಸಬೇಡ, 100 ಮೆಗಾಹರ್ಟ್ಸ್ ಎಂದರೆ ಎಫ್‌ಎಂ ರೇಡಿಯೋದ ಜಾಗ, ಅಲ್ಲಿ ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ. ಪಕ್ಕದಲ್ಲಿ ಒಂದು ಎಫ್‌ಎಂ ರೇಡಿಯೋ ಇಟ್ಟು ಮುಳ್ಳನ್ನು ನಿಧಾನ ತಿರುಗಿಸು. ಎಲ್ಲಿ ಸರಸರ ಸದ್ದು ನಿಂತು ಮೌನವಾಗುತ್ತದೋ ಅಲ್ಲಿ ನಿನ್ನ ಆಸಿಲೇಟರ್ ಇದೆ. ಎಷ್ಟಕ್ಕೆ ಸಿಕ್ಕಿತು ಎಂದು ಬರೆ, ಕಾಲಿನ ಉದ್ದವನ್ನೂ ಅಳೆದು ಬರೆ.